ಶೇಷಾದ್ರಿಗೆ ಬರೆದುಕೊಟ್ಟ ಮೀನು

ಈ ಪ್ರಸಂಗವನ್ನು ಹಲವರಿಗೆ ಹೇಳಿದ್ದೇನೆ. ಪ್ರತಿ ಸಲ ಹೇಳಿದಾಗಲೂ ಅದರೊಳಗಿನ ನಾನು ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತ ಬಂದೆ. ಮೊನ್ನೆ ಯಾರೋ ಕೇಳಿದರೆಂದು ಹೇಳಿದಾಗಂತೂ ಜಾಣನೂ ಆಗಿಬಿಟ್ಟಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ಬಂದದ್ದನ್ನು ಮುಂದಿನ ಸಲ ತಿದ್ದುವುದು ಕಷ್ಟ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಳವಳ್ಳಿಯ ದನದ ಆಸ್ಪತ್ರೆಯಲ್ಲಿ ನಾನೊಬ್ಬ ಡಾಕ್ಟರು, ಜೊತೆಗೆ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಕಾಂಪೌಂಡರು. ನಾಟಿ ಹಸುಗಳಿಗೆ ಸೀಮೆತಳಿಯ ವೀರ್ಯ ಕೊಟ್ಟು ಹಾಲು ಹೆಚ್ಚಿಸುವ ಉತ್ಸಾಹದ ದಿನಗಳು ಅವು. ಬೆಳಗಾದರೆ ಅಂಗಳದ ತುಂಬ ಹಸು, ಎಮ್ಮೆ, ಕಾಲುಬಾಯಿ ರೋಗದ ಎತ್ತು. ಬೆಕ್ಕಿಗೆ ಔಷಧ ಕೇಳಿಕೊಂಡು ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ. ಕಾಲೇಜಿನಲ್ಲಿ ಬೆಕ್ಕಿನ ಪಾಠ ನಡೆದ ದಿನ ನಾನು ಇದ್ದೆನೋ ಇಲ್ಲವೋ ಅದೂ ಖಾತ್ರಿಯಿಲ್ಲ.

"ಸಾರ್, ಒಬ್ರು ಅಮ್ಮೋರು ಬುಟ್ಟಿ ಇಟ್ಕಂಡು ಕುಂತವ್ರೆ," ಅಂದ ಕಾಂಪೌಂಡರು. "ಒಳ್ಗಡೆ ಇರೋದು ಮೊಲಾನೂ ಅಲ್ಲ, ಕುರಿಮರೀನೂ ಅಲ್ಲ. ಎಸ್ರು ಕೇಳ್ದೆ. ಸೇಸಾದ್ರಿ ಅಂದ್ರು. ನಾನು ಅವ್ರ ಯಜಮಾನ್ರ ಎಸ್ರು ಅನ್ಕಂಡು ಬರ್ಕಂಬುಟ್ಟೆ."

ಬುಟ್ಟಿಯೊಳಗೆ ಬಿಳಿಯ ಉದ್ದ ರೋಮದ, ಚಪ್ಪಟೆ ಮುಖದ ಗಂಡುಬೆಕ್ಕು. ವಯಸ್ಸು ಐದು ತುಂಬಿ ಆರು. ತಂದವರು ಶಿವನಸಮುದ್ರದ ಕರೆಂಟು ಕಾಲೋನಿಯ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕಾಲೋನಿಯ ಅಂಚಿನಲ್ಲಿ ಒಂದು ಚಿಕ್ಕ ಮನೆ ಹಿಡಿದಿದ್ದರು. ಊರಿಗೆಲ್ಲ ಟೀಚರಮ್ಮ. ಅವರ ತಂದೆ ವಿದ್ಯುತ್ ಕೇಂದ್ರದಲ್ಲಿ ಗುಮಾಸ್ತರಾಗಿದ್ದಾಗ ಸ್ವದೇಶಕ್ಕೆ ಹೊರಟ ದೊರೆಸಾನಿಯೊಬ್ಬಳು ಹಡಗಿನಲ್ಲಿ ಒಯ್ಯಲಾಗದೆ ಒಂದು ಜೋಡಿ ಬೆಕ್ಕನ್ನೂ ಅವುಗಳ ವಂಶಾವಳಿಯ ಕಾಗದವನ್ನೂ ಅವರ ಕೈಗಿಟ್ಟು ಹೋಗಿದ್ದಳಂತೆ. ಶೇಷಾದ್ರಿ ಆ ಜೋಡಿಯ ಸಂತಾನ, ಎಷ್ಟನೆಯ ತಲೆಯೋ.

"ತೂಕ ಇಳೀತಿದೆ ಡಾಕ್ಟ್ರೇ. ನೀರು ಮಾತ್ರ ಬೇಕು. ಬಚ್ಚಲು ಹಂಡೆ ಪಕ್ಕ ಕೂತ್ರೆ ಏಳಲ್ಲ. ಇವರಪ್ಪನೂ ಹೀಗೇ ಹೋದ. ಅಜ್ಜಿನೂ ಹೀಗೇ."

"ಊಟ ಏನು ಹಾಕ್ತೀರಿ?"

"ಮೊಸರನ್ನ. ಹಾಲು. ಹಬ್ಬದ ದಿನ ತುಪ್ಪ."

ನಾನು ನಕ್ಕೆ. ನಾನು ಒಕ್ಕಲಿಗರ ಮನೆಯವನು. ನಮ್ಮ ಹಟ್ಟಿಯ ಬೆಕ್ಕು ಇಲಿ ಹಿಡಿದು ತಿಂದು ಒಲೆಯ ಮುಂದೆ ಮಲಗುವ ಬೆಕ್ಕು. ಮೊಸರನ್ನ ಎಂದು ಕೇಳಿದ್ದೇ ನನಗೆ ರೋಗ ಸಿಕ್ಕಿಬಿಟ್ಟಿತು. "ಟೀಚರಮ್ಮ, ನೀವು ಹುಲಿ ಜಾತೀನ ಏಕಾದಶಿ ಮಾಡಿಸ್ತಾ ಇದ್ದೀರಿ. ಇದಕ್ಕೆ ಮಾಂಸ ಬೇಕು. ಹಿಂದಿನವು ಸತ್ತಿದ್ದೂ ಇದರಿಂದಲೇ," ಎಂದೆ. ಜಂತಿಗೆ ಒಂದು ಮಾತ್ರೆ ಕೊಟ್ಟೆ, ಒಂದು ಬಿ-ಕಾಂಪ್ಲೆಕ್ಸ್ ಸೂಜಿ ಚುಚ್ಚಿದೆ, ಚೀಟಿಯ ಮೇಲೆ "ದಿನಕ್ಕೆ ಎರಡು ಸಲ ಬೇಯಿಸಿದ ಮೀನು" ಎಂದು ಬರೆದುಕೊಟ್ಟೆ.

ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಕಥೆಯಲ್ಲಿ, ಆವತ್ತು ಅದರ ಹೊಟ್ಟೆಯನ್ನು ಒತ್ತಿ ನೋಡಿದ್ದೆ, ರೋಮ ದಟ್ಟವಾಗಿದ್ದರಿಂದ ಏನೂ ಸಿಗಲಿಲ್ಲ. ಸದ್ಯಕ್ಕೆ ಅದು ಹಾಗೇ ಇರಲಿ.

ಟೀಚರಮ್ಮ ಚೀಟಿಯನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡರು. "ನಾನು ಕೊಟ್ಟ ಅನ್ನದಿಂದಲೇ ಹೋದವಾ, ಎಲ್ಲವೂ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿ ಹೊರಗಿನ ಎತ್ತಿನ ಕಡೆ ಹೋದೆ.

ಮೊಟ್ಟೆಯನ್ನೂ ಮನೆಯೊಳಗೆ ತಾರದಿದ್ದವರು ಅವರು. ತೂಬಿನ ಕಾವಲುಗಾರನ ಹೆಂಡತಿಯನ್ನು ಒಪ್ಪಿಸಿದರಂತೆ. ಆಕೆ ತನ್ನ ಮನೆಯಲ್ಲಿ ಮೀನು ಬೇಯಿಸಿ ಮುಳ್ಳು ತೆಗೆದು ಬಾಳೆಲೆಯಲ್ಲಿ ತಂದು ಹಿತ್ತಲ ಕಲ್ಲಿನ ಮೇಲೆ ಇಡಬೇಕು. ಮೊದಲ ದಿನ ಶೇಷಾದ್ರಿ ಅದನ್ನು ಮೂಸಿ ಸುಮ್ಮನೆ ನಿಂತ. ಕೈತುತ್ತು ತಿಂದು ಬೆಳೆದವನು, ಎಲೆಯ ಮೇಲಿನದು ಊಟವೆಂದೇ ಅವನಿಗೆ ತಿಳಿಯಲಿಲ್ಲ. ಆಗ ಟೀಚರಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತು, ಬಲಗೈಯಲ್ಲಿ ಮೀನು ಹಿಸುಕಿ ಅವನ ಬಾಯಿಗಿಟ್ಟರು. ದಿನಕ್ಕೆ ಎರಡು ಸಲ. ಎರಡು ಸಲವೂ ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಇದನ್ನು ನನಗೆ ಹೇಳಿದವಳು ಕಾವಲುಗಾರನ ಹೆಂಡತಿ: "ಕೊನೆಕೊನೇಗೆ ಮೂಗ್ ಮುಚ್ಕಳದೂ ಬುಟ್ರು ಕಣಪ್ಪ. ಅದು ತಿನ್ನದ ನೋಡ್ತಾ ನಗ್ತಿದ್ರು."

ಮೂರನೆಯ ವಾರ ಕಾಲೋನಿಯಿಂದ ಹೇಳಿಕಳಿಸಿದರು. ಬೆಳಕವಾಡಿ ಮೇಲಿನ ಬಸ್ಸು ಹಿಡಿದು ಹೋದೆ. ಶೇಷಾದ್ರಿ ಒಗೆದು ಹಿಂಡಿದ ಬಟ್ಟೆಯ ಹಾಗೆ ಮಲಗಿದ್ದ. ವಸಡು ಬೆಳ್ಳಗೆ, ನಾಲಗೆಯ ಅಂಚಿನಲ್ಲಿ ಹುಣ್ಣು, ಬಾಯಲ್ಲಿ ಮೂತ್ರದ ಘಾಟು. ಆ ವಾಸನೆ ನನಗೆ ಹಸುಗಳಿಂದ ಗೊತ್ತಿತ್ತು. ನಿಲ್ಲಿಸಿ, ಹೊಟ್ಟೆಯ ಕೆಳಗೆ ಕೈ ತೂರಿ, ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನೆಲುಬಿಗೆ ಒತ್ತಿ, ಹೆಬ್ಬೆರಳು ಒಂದು ಕಡೆ ಉಳಿದ ಬೆರಳು ಇನ್ನೊಂದು ಕಡೆ ಮಾಡಿ ಹುಡುಕಿದೆ. ಆರೋಗ್ಯದ ಬೆಕ್ಕಿನಲ್ಲಿ ಮೂತ್ರಪಿಂಡ ಅಲ್ಲಿ ಸಣ್ಣ ನಿಂಬೆಕಾಯಿಯಂತೆ ನುಣ್ಣಗೆ ಜಾರಬೇಕು. ಇದು ಜಾರಲಿಲ್ಲ. ಅಂಗೈ ತುಂಬಿತು. ಮೈಯೆಲ್ಲ ಗುಬ್ಬು ಗುಬ್ಬು, ಸೀತಾಫಲದ ಸಿಪ್ಪೆಯ ಹಾಗೆ. ಇನ್ನೊಂದು ಬದಿಯೂ ಹಾಗೆಯೇ.

ರಕ್ತ ತೆಗೆದು ಮಂಡ್ಯಕ್ಕೆ ಒಯ್ದೆ. ಅಲ್ಲಿ ಮನುಷ್ಯರ ರಕ್ತ ಪರೀಕ್ಷಿಸುವ ಪರಿಚಯದವನೊಬ್ಬನಿದ್ದ. ಸೀಸೆಯ ಮೇಲೆ "ಶೇಷಾದ್ರಿ, ಗಂಡು, ವಯಸ್ಸು ಐದು" ಎಂದಿತ್ತು. ರಕ್ತದಲ್ಲಿ ಯೂರಿಯಾ ಎಷ್ಟು ಏರಿದೆಯೆಂದು ನೋಡಿದ ಮೇಲೆ ಅವನು ಕೋಣೆಯಿಂದ ಹೊರಗೆ ಬಂದು ನನ್ನ ಭುಜ ಹಿಡಿದ.

"ಸಾರ್, ಮಗು ನಿಮಗೇನಾಗಬೇಕು?"

ನಾನು ಬೆಕ್ಕೆಂದು ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದ. ಅವನು ನಗುವುದು ಆಗ ನನಗೆ ಬೇಕಿರಲಿಲ್ಲ. "ಗೊತ್ತಿರೋರ ಮನೇದು," ಎಂದೆ.

ಐದು ದಿನ ದಿನವೂ ಹೋಗಿ ಸಲೈನು ಕೊಟ್ಟೆ. ರಕ್ತನಾಳಕ್ಕಲ್ಲ, ಹೆಗಲ ಮೇಲಿನ ಸಡಿಲು ಚರ್ಮದ ಕೆಳಗೆ. ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆ. ಅದು ತಣ್ಣಗಿದ್ದರೆ ಅವನು ನಡುಗುತ್ತಾನೆಂದು ಟೀಚರಮ್ಮ ನಾನು ಬರುವ ಹೊತ್ತಿಗೆ ಮುಂಚೆಯೇ ಬಾಟಲಿಯನ್ನು ಮಡಿಲಲ್ಲಿಟ್ಟು ಎರಡು ಅಂಗೈಯಲ್ಲಿ ಬಳಸಿ ಕೂತಿರುತ್ತಿದ್ದರು. ಚರ್ಮದ ಕೆಳಗೆ ನೀರು ಉಬ್ಬಿ ನಿಧಾನವಾಗಿ ಇಳಿಯುವವರೆಗೆ ಮೂವರೂ ಹಾಗೇ ಕೂತಿರುತ್ತಿದ್ದೆವು. ಮೂವರು ಎಂದು ಬರೆದೆ. ಇರಲಿ. ಆರನೆಯ ದಿನ ಬೆಳಿಗ್ಗೆ ನಾನು ಬಸ್ಸಿಳಿಯುವ ಮೊದಲೇ ಶೇಷಾದ್ರಿ ಹೋಗಿದ್ದ.

ಕೊಯ್ದು ನೋಡಲು ಅನುಮತಿ ಕೇಳಿದೆ. "ನೋಡಿ. ಆದ್ರೆ ನಾನೂ ಇರ್ತೀನಿ," ಎಂದರು. ಹಿತ್ತಲಲ್ಲಿ ಹಲಗೆ ಹಾಕಿ ಕೊಯ್ದೆ. ಎರಡು ಮೂತ್ರಪಿಂಡಗಳೂ ನೀರುಗುಳ್ಳೆಗಳ ಗೊಂಚಲು. ಕೆಲವು ತಿಳಿನೀರು, ಕೆಲವು ಕಾಫಿಯ ಬಣ್ಣ. ಗುಳ್ಳೆಗಳ ನಡುವೆ ಕೆಲಸ ಮಾಡುವ ಮಾಂಸ ಬೆರಳುಗುರಿನಷ್ಟು ಉಳಿದಿತ್ತು. ಇಷ್ಟರಲ್ಲೇ ಅವನು ಇಷ್ಟು ದಿನ ಬದುಕಿದ್ದ. ಒಂದನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಫಾರ್ಮಲಿನ್ ಹಾಕಿ ಬೆಂಗಳೂರಿನ ನನ್ನ ಪೆಥಾಲಜಿ ಮೇಷ್ಟರಿಗೆ ಕಳಿಸಿದೆ. ಹೊಲಿದು, ರೋಮ ಒರೆಸಿಕೊಟ್ಟೆ. ಬಾಚಣಿಗೆ ತಂದು ಅವರೇ ಬಾಚಿದರು.

ಮೇಷ್ಟರ ಉತ್ತರ ಎರಡು ವಾರಕ್ಕೆ ಬಂತು. ಇವು ಗಾಯದಿಂದಲೋ ಸೋಂಕಿನಿಂದಲೋ ಆದ ಗುಳ್ಳೆಗಳಲ್ಲ, ಹುಟ್ಟಿನಿಂದ ಬಂದು ವಯಸ್ಸಿನ ಜೊತೆ ಬೆಳೆದವು. ಉದ್ದ ರೋಮದ ಸೀಮೆ ಬೆಕ್ಕುಗಳಲ್ಲಿ ಇಂಥದ್ದನ್ನು ವಿದೇಶದಲ್ಲಿ ಕಂಡಿದ್ದಾರೆ, ರಕ್ತಸಂಬಂಧಿಗಳನ್ನು ಹುಡುಕಿ ನೋಡು ಎಂದಿದ್ದರು. ಕೊನೆಗೆ ಒಂದು ಸಾಲು: ಆಹಾರ ಏನಿತ್ತು? ಸೋತ ಮೂತ್ರಪಿಂಡಕ್ಕೆ ಮಾಂಸ ಮೀನು ಭಾರ. ಅನ್ನ ಮೊಸರಿನಂಥ ಹಗುರ ಊಟದಲ್ಲಿ ಇನ್ನಷ್ಟು ದಿನ ತಳ್ಳುತ್ತವೆ.

ಆ ಕಾಗದವನ್ನು ಷರ್ಟಿನ ಜೇಬಿನಲ್ಲಿ ಎಷ್ಟು ದಿನ ಇಟ್ಟುಕೊಂಡಿದ್ದೆ? ಒಂದು ವಾರ ಎಂದು ಹೇಳುತ್ತಿದ್ದೆ. ಅಗಸರವನು ಒಗೆದು ತಂದಾಗ ಅದು ಇನ್ನೂ ಜೇಬಿನಲ್ಲಿ ಮುದ್ದೆಯಾಗಿ ಸಿಕ್ಕಿದ್ದು ನೆನಪಿದೆ. ಅವನು ಬಟ್ಟೆ ತರುತ್ತಿದ್ದುದು ತಿಂಗಳಿಗೊಮ್ಮೆ. ಒಂದು ತಿಂಗಳಂತೂ ಆಗಿರಬೇಕು.

ಟೀಚರಮ್ಮನಲ್ಲಿಗೆ ಹೋಗಿ ಅರ್ಧ ಮಾತ್ರ ಹೇಳಿದೆ: ಸಂಬಂಧಿಕರನ್ನು ನೋಡಬೇಕು. ಅವರು ಕಬ್ಬಿಣದ ಪೆಟ್ಟಿಗೆಯಿಂದ ಶಾಲೆಯ ಹಾಜರಿ ಪುಸ್ತಕವೊಂದನ್ನು ತೆಗೆದರು. ಮೊದಲ ಪುಟಕ್ಕೆ ದೊರೆಸಾನಿಯ ಕಾಗದ ಅಂಟಿಸಿತ್ತು. ಮುಂದೆ ಪ್ರತಿ ಮರಿಯ ಹೆಸರು, ಹುಟ್ಟಿದ ದಿನ, ತಂದೆ ತಾಯಿ, ಮತ್ತು ಯಾರ ಮನೆಗೆ ಹೋಯಿತು ಎಂಬ ವಿವರ. ಕಾಲೋನಿಯಲ್ಲಿ ಯಾರಿಗೆ ವರ್ಗವಾದರೂ ಟೀಚರಮ್ಮನ ಮನೆಯ ಮರಿ ಜೊತೆಗೆ ಹೋಗುವುದು ವಾಡಿಕೆಯಾಗಿತ್ತು. ಹೊಸ ಊರಿನಲ್ಲಿ ಹಾಲು ಉಕ್ಕಿಸುವಾಗ ಮನೆಯಲ್ಲೊಂದು ಜೀವ ಓಡಾಡಿಕೊಂಡಿರಲಿ ಎಂದು. ಯುಗಾದಿಗೊಮ್ಮೆ ಅವರು ಎಲ್ಲರಿಗೂ ಕಾರ್ಡು ಬರೆದು ವಿಚಾರಿಸುತ್ತಿದ್ದರು. ಇದ್ದರೆ "ಹಾ", ಹೋಗಿದ್ದರೆ "ಗೈ". ಎಣಿಸಿ ನೋಡಿದೆ. ಏಳು ವರ್ಷ ತುಂಬುವ ಮುಂಚೆಯೇ ಗೈರುಹಾಜರಾದವು ಹತ್ತಿರ ಹತ್ತಿರ ಅರ್ಧ.

"ಬೆಕ್ಕಿನ ಆಯಸ್ಸೇ ಅಷ್ಟು ಅಂತ ತಿಳ್ಕೊಂಡಿದ್ದೆ," ಎಂದರು ಟೀಚರಮ್ಮ. "ನೀವು ಹೇಳಿದ ಮೇಲೆ ಗೊತ್ತಾಯ್ತು, ನನ್ನ ಕೈದೋಷ ಅಂತ."

ಆಗಲೂ ನಾನು ಹೇಳಲಿಲ್ಲ. ರೋಗ ವಂಶದ್ದು ಎಂದು ಗುಮಾನಿಯಿತ್ತೇ ಹೊರತು ಪುರಾವೆಯಿರಲಿಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅವರ ಕಾಲ ಬಳಿ ಶೇಷಾದ್ರಿಯ ತಂಗಿ ವೈದೇಹಿ ಎರಡು ಮರಿಗಳಿಗೆ ಹಾಲೂಡುತ್ತಿದ್ದಳು. ಮರಿಗಳು ಶೇಷಾದ್ರಿಯವೇ. ಗಂಡು ಎರಡೂ: ಮುರಳಿ, ಮಾಧವ. ಕಾಲೋನಿಯ ಓವರ್‌ಸೀಯರಿಗೆ ವರ್ಗವಾಗಿತ್ತು. ಒಂದು ಮರಿ ಅವರ ಹೆಂಡತಿಗೆಂದು ಆಗಲೇ ಮಾತಾಗಿತ್ತು.

ಮುಂದಿನ ಎರಡು ಭಾನುವಾರ ಪುಸ್ತಕ ಹಿಡಿದು ತಿರುಗಿದೆ. ಮಂಡ್ಯದಲ್ಲಿ ಒಬ್ಬ ವಕೀಲರ ಮನೆಯ ಉದ್ದ ರೋಮದ ಹೆಣ್ಣು. ಎಂಟು ವರ್ಷ, ನುಣ್ಣನೆಯ ಮೂತ್ರಪಿಂಡ, ದಿನವೂ ಮೊಸರನ್ನ. ಮದ್ದೂರಿನ ಹತ್ತಿರ, ಶಿಂಷಾ ದಡದ ಒಂದು ಆಲೆಮನೆಯಲ್ಲಿ ಇನ್ನೊಂದು. ಕಾಲೋನಿಯಿಂದ ಮದ್ದೂರಿಗೆ ಬಂದ ಲೈನ್‌ಮನ್ ಅದನ್ನು ಆ ಮನೆಗೆ ಕೊಟ್ಟುಹೋಗಿದ್ದ. ಅದರ ತಾಯಿ ಟೀಚರಮ್ಮನ ಮನೆಯದು, ತಂದೆ ಯಾವುದೋ ಬೀದಿಯ ಗಂಡು. ರೋಮ ಗಿಡ್ಡ, ನೋಡಲು ಥೇಟು ನಾಟಿ. ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತಿತ್ತು.

"ದನಿನ್ ಡಾಕ್ಟ್ರು ಬೆಕ್ ನೋಡಕ್ ಬಂದಿದ್ದೀಯಾ? ದನ ಎಲ್ಲಾ ಮುಗ್ದೋದ್ವಾ?" ಅಂದಳು ಆ ಮನೆಯ ಯಜಮಾನಿ.

"ಏನು ತಿನ್ನುತ್ತೆ ಅವ್ವ?"

"ನಾನ್ಯಾಕ್ ಆಕ್ಲಿ? ಇಲಿ ತಿಂತದೆ. ಓತಿಕ್ಯಾತ ತಿಂತದೆ. ಈಗ ಆರ್ ತಿಂಗ್ಳಿಂದ ಒಣೀಕಂಡದೆ ಕಣಪ್ಪ. ನೀರ್ ಕುಡೀತದೆ, ಎಮ್ಮೆ ಕುಡ್ದಂಗೆ."

ಕೈ ಹಾಕಿದೆ. ಅದು ನನ್ನ ಮಣಿಕಟ್ಟನ್ನು ಕಚ್ಚಿತು, ಆದರೂ ಬಿಡಲಿಲ್ಲ. ಅಂಗೈಯಲ್ಲಿ ಮತ್ತೆ ಅದೇ ಗುಬ್ಬುಗಳು. ಹುಟ್ಟಿದಾಗಿನಿಂದ ಮೊಸರನ್ನದ ಅಗುಳು ಮುಟ್ಟದ ಬೆಕ್ಕು. ತಳಿ ಬೆರೆತದ್ದೂ ಇದನ್ನು ಕಾಪಾಡಿರಲಿಲ್ಲ. ತಂದೆ ತಾಯಿಯಲ್ಲಿ ಒಬ್ಬರಲ್ಲಿದ್ದರೂ ಸಾಕು, ಹುಟ್ಟುವ ಮರಿಗಳಲ್ಲಿ ಅರ್ಧದಷ್ಟಕ್ಕೆ ಬರುತ್ತದೆ. ಹಾಜರಿ ಪುಸ್ತಕ ಹೇಳುತ್ತಿದ್ದುದೂ ಅದನ್ನೇ.

ಇನ್ನು ಪುರಾವೆಯಿಲ್ಲ ಎನ್ನುವಂತಿರಲಿಲ್ಲ. ಓವರ್‌ಸೀಯರರ ಸಾಮಾನು ಲಾರಿಗೆ ಏರುವುದಕ್ಕೆ ನಾಲ್ಕು ದಿನವಿತ್ತು. ಮರುದಿನ ರಜೆ ಹಾಕಿ ಶಿವನಸಮುದ್ರಕ್ಕೆ ಹೋದೆ. ಕಾಂಪೌಂಡರು ಬಸ್‌ಸ್ಟ್ಯಾಂಡಿನವರೆಗೆ ಬಂದ. ಮೇಷ್ಟರ ಇಂಗ್ಲಿಷ್ ಕಾಗದವನ್ನು ಅದು ಬಂದ ದಿನವೇ ಅವನೂ ನನ್ನಿಂದ ಓದಿಸಿಕೊಂಡು ಕೇಳಿದ್ದ.

"ಮೀನಿನ್ ಇಚಾರ ಬುಟ್ಬುಡಿ ಸಾರ್. ಸತ್ತಿದ್ದು ಸತ್ತೋಯ್ತು. ಉಳ್ದಿದ್ ಏಳಿ ಸಾಕು."

ಅವನು ನನ್ನ ಒಳ್ಳೆಯದಕ್ಕೇ ಹೇಳಿದ್ದು. ದಾರಿಯಲ್ಲಿ ಅದು ಸರಿಯೆಂದೂ ತೋರಿತು. ಆದರೆ ಅನ್ನದ ದೋಷವಲ್ಲ ಎನ್ನುವ ಮಾತನ್ನು ಹೇಳಿ, ಮೀನಿನ ಮಾತನ್ನು ಬಿಡುವುದು ಹೇಗೆ? ಒಂದು ಹೇಳಿದರೆ ಇನ್ನೊಂದನ್ನು ಅವರೇ ಕೇಳುತ್ತಾರೆ. ಜೀವಮಾನವೆಲ್ಲ ಮಕ್ಕಳಿಂದ ಉತ್ತರ ಹೊರಡಿಸಿದವರು.

ಜಗಲಿಯ ಮೇಲೆ ಕೂತು ಎರಡನ್ನೂ ಹೇಳಿದೆ. ರೋಗ ವಂಶದ್ದು, ದೊರೆಸಾನಿಯ ಜೋಡಿಯಲ್ಲಿ ಒಂದರಿಂದಲೇ ಬಂದಿರಬೇಕು. ನಿಮ್ಮ ಅನ್ನ ಅವುಗಳನ್ನು ಕೊಲ್ಲಲಿಲ್ಲ. ಕಾಯಿಲೆ ಬಿದ್ದವಕ್ಕೆ ಅದೇ ಸರಿಯಾದ ಊಟವಾಗಿತ್ತು. ನಾನು ಬರೆದುಕೊಟ್ಟ ಮೀನು ಶೇಷಾದ್ರಿಯ ಕೆಲವು ತಿಂಗಳನ್ನು ತಿಂದುಹಾಕಿತು.

ಮುರಳಿಯೋ ಮಾಧವನೋ ಟೀಚರಮ್ಮನ ಸೆರಗಿನ ಅಂಚು ಹಿಡಿದು ಜಗ್ಗುತ್ತಿತ್ತು.

"ಹಾಗಾದ್ರೆ ಹಿಂದಿನವರು ಯಾರೂ ನನ್ನಿಂದ ಹೋಗ್ಲಿಲ್ಲ."

"ಇಲ್ಲ."

"ಆವತ್ತು ನೀವು ಅವನ ಹೊಟ್ಟೆ ಮುಟ್ಟಿ ನೋಡ್ಲೇ ಇಲ್ಲ ಡಾಕ್ಟ್ರೇ."

ಮುಟ್ಟಿದ್ದೆ ಎಂದು ಬಾಯಿಗೆ ಬಂದಿತ್ತು. ನನಗೆ ಅದು ನಿಚ್ಚಳವಾಗಿ ನೆನಪಿತ್ತು, ಬೆರಳಿಗೆ ರೋಮ ತಾಗಿದ್ದು ಕೂಡ. ಆದರೆ ಅವರು ಆವತ್ತು ನನ್ನ ಕೈಯನ್ನಲ್ಲದೆ ಬೇರೇನನ್ನೂ ನೋಡುತ್ತಿರಲಿಲ್ಲ. ನಾನೋ ಹೊರಗಿನ ಎತ್ತನ್ನು ನೋಡುತ್ತಿದ್ದೆ. ಇಬ್ಬರಲ್ಲಿ ಯಾರ ನೆನಪನ್ನು ನಂಬಬೇಕು?

"ಇಲ್ಲ. ನೋಡ್ಲಿಲ್ಲ," ಎಂದೆ.

"ಕೇಳೋಣ ಅನ್ಕೊಂಡೆ. ಡಾಕ್ಟರಿಗೆ ನಾನೇನು ಹೇಳೋದು ಅಂತ ಸುಮ್ಮನಾದೆ. ಅದು ನನ್ನ ತಪ್ಪು." ಸೆರಗಿನಿಂದ ಮರಿಯನ್ನು ಬಿಡಿಸುತ್ತ ಅಂದರು, "ಹತ್ತೊಂಬತ್ತು ದಿನ ಮೀನು ತಿಂದ. ಅಷ್ಟು ಸಂತೋಷವಾಗಿ ಅವನು ಯಾವತ್ತೂ ಊಟ ಮಾಡಿದ್ದು ನಾನು ಕಂಡಿರ್ಲಿಲ್ಲ. ನಿಮ್ಮ ಮೇಷ್ಟ್ರಿಗೆ ಬರೆಯುವಾಗ ಅದನ್ನೂ ಬರೀರಿ."

ಆಮೇಲೆ ಮರಿಗಳ ಮಾತು. ಇವಕ್ಕೆ ಇದೆಯೋ ಇಲ್ಲವೋ ಎಂದು ಕೇಳಿದರು. ಮೂರು ವರ್ಷವಾಗದೆ ಗುಳ್ಳೆ ಕೈಗೆ ಸಿಗುವುದಿಲ್ಲ ಎಂದೆ. ಅಷ್ಟರಲ್ಲಿ ಇವು ಊರೆಲ್ಲ ಸಂತಾನ ಮಾಡಿರುತ್ತವೆ. ಕೂಡಿಹಾಕಿ ಕಾದು ನೋಡಬಹುದು, ಇಲ್ಲವೇ ಬೀಜ ತೆಗೆದು ಸಂತಾನವನ್ನು ಈಗಲೇ ನಿಲ್ಲಿಸಬಹುದು.

"ಗಂಡು ಬೆಕ್ಕನ್ನ ಮೂರು ವರ್ಷ ಕೂಡಿಹಾಕೋದು ಅಂದ್ರೆ ಅದಕ್ಕೆ ಜೈಲು," ಎಂದರು. "ಓವರ್‌ಸೀಯರ್ ಹೆಂಡತಿಗೆ ಎರಡು ಚಿಕ್ಕ ಮಕ್ಕಳಿದ್ದಾರೆ. ಆರು ವರ್ಷ ಮುದ್ದು ಮಾಡಿ ಆಮೇಲೆ ಅಳಿಸೋದಕ್ಕೆ ನಾನು ಕೊಡಲಾ? ಬೇಡ. ಈ ವಂಶ ನನ್ನ ಹತ್ರಾನೇ ನಿಲ್ಲಲಿ."

ಮರಿ ಕೊಡದ್ದಕ್ಕೆ ಓವರ್‌ಸೀಯರರ ಹೆಂಡತಿ ಮುಖ ತಿರುಗಿಸಿಕೊಂಡೇ ಲಾರಿ ಹತ್ತಿದಳಂತೆ. ಟೀಚರಮ್ಮ ಕಾರಣ ವಿವರಿಸಿದರೂ ಆಕೆಗೆ ಅದು ನೆಪದಂತೆ ಕೇಳಿಸಿತು.

ಮರಿಗಳು ಹಾಲು ಬಿಟ್ಟ ಮೇಲೆ ವೈದೇಹಿಗೆ ಶಸ್ತ್ರಚಿಕಿತ್ಸೆ ಮಾಡಿದೆ. ಹಸುವಿನ ಗರ್ಭಕೋಶದೊಳಗೆ ತೋಳುದ್ದ ಕೈ ಹಾಕಿ ಅಭ್ಯಾಸವಿದ್ದ ನನಗೆ ದಾರದಂಥ ಆ ಗರ್ಭನಾಳಗಳನ್ನು ಬೆರಳ ತುದಿಯಲ್ಲಿ ಹುಡುಕುವುದು ಹೊಸ ಕೆಲಸ. ಕಾಂಪೌಂಡರು ಹತ್ತಿಯ ಮೇಲೆ ಈಥರ್ ತೊಟ್ಟಿಕ್ಕಿಸುತ್ತ ಉಸಿರು ಎಣಿಸುತ್ತಿದ್ದ. ತೊಟ್ಟು ಬೀಳುವಾಗಲೆಲ್ಲ "ಮಲಕ್ಕಳವ್ವ, ಮಲಕ್ಕೊ" ಎನ್ನುತ್ತಿದ್ದ. ಹೊಟ್ಟೆ ತೆರೆದಿದ್ದಾಗಲೇ ಮೂತ್ರಪಿಂಡಗಳನ್ನೂ ನೋಡಿದೆ. ಎಡಗಡೆ ಮೂರು ಗುಳ್ಳೆ, ಬಲಗಡೆ ಐದಾರು, ರಾಗಿಕಾಳಿಗಿಂತ ಸ್ವಲ್ಪ ದೊಡ್ಡವು. ಹೊಲಿಗೆ ಮುಗಿಸಿ ಹೊರಬಂದು ಹೇಳಿದೆ. ಟೀಚರಮ್ಮ ಕೇಳಿದ್ದು ಒಂದೇ: "ಈಗ ನೋವಿದೆಯಾ ಅವಳಿಗೆ?" ಇನ್ನೂ ಇಲ್ಲ ಎಂದೆ. ಮರಿಗಳಿಗೆ ಆರು ತಿಂಗಳಾದಾಗ ಅವುಗಳ ಬೀಜವನ್ನೂ ತೆಗೆದೆ.

ನನಗೆ ಮದ್ದೂರಿಗೆ ವರ್ಗವಾಯಿತು. ಆರು ತಿಂಗಳಿಗೊಮ್ಮೆ ಶಿವನಸಮುದ್ರದ ಬಸ್ಸು ಹತ್ತುತ್ತಿದ್ದೆ. ಹೋದ ಕೂಡಲೇ ಕೈ ತೊಳೆದು, ಒಂದೊಂದನ್ನೇ ನಿಲ್ಲಿಸಿ, ಕಣ್ಣು ಮುಚ್ಚಿ ಬೆರಳಿನಲ್ಲಿ ಹುಡುಕುತ್ತಿದ್ದೆ. ಟೀಚರಮ್ಮ ನನ್ನ ಮುಖ ನೋಡುತ್ತ ನಿಂತಿರುತ್ತಿದ್ದರು. ವೈದೇಹಿ ಏಳನೆಯ ವರ್ಷದಲ್ಲಿ ಹೋದಳು, ಕೊನೆಯವರೆಗೂ ಮೊಸರನ್ನ ತಿಂದುಕೊಂಡು, ಹುಣ್ಣಿಲ್ಲದೆ, ಒಂದು ಮಧ್ಯಾಹ್ನ ಬಿಸಿಲಿನಲ್ಲಿ. ಮುರಳಿಗೆ ಮೂರು ತುಂಬುವ ಹೊತ್ತಿಗೆ ಗುಬ್ಬು ಸಿಕ್ಕಿತು. ಅವನು ಐದೂವರೆಗೆ ಹೋದ. ಮಾಧವನದು ಪ್ರತಿ ಸಲವೂ ನುಣ್ಣಗೆ ಜಾರುತ್ತಿತ್ತು. ಮೂರಕ್ಕೆ ನಾನು ಏನೂ ಹೇಳಲಿಲ್ಲ. ನಾಲ್ಕಕ್ಕೂ ಹೇಳಲಿಲ್ಲ.

ಆ ದಶಕ ಮುಗಿಯುವ ವರ್ಷ, ಅವನಿಗೆ ಆರಾಗಿತ್ತು. ಎರಡು ಕಡೆಯೂ ಎರಡೆರಡು ಸಲ ಹುಡುಕಿ, ಕಣ್ಣು ಬಿಟ್ಟು ಹೇಳಿದೆ: "ಇವನಿಗಿಲ್ಲ ಟೀಚರಮ್ಮ."

"ಖಂಡಿತವಾ?"

"ನನ್ನ ಕೈಗೆ ಗೊತ್ತಾಗೋ ಮಟ್ಟಿಗೆ ಖಂಡಿತ."

ಅವರು ಜಗಲಿಯ ಮೇಲೆ ಕೂತರು. ನನಗೆ ಸಂತೋಷದ ಬೆನ್ನಿಗೇ ಇನ್ನೊಂದು ಹೊಳೆದಿತ್ತು. ರೋಗವಿಲ್ಲದ ಒಬ್ಬನಿದ್ದ, ಅವನಿಂದ ಆ ವಂಶ ನಿರೋಗಿಯಾಗಿ ಮುಂದೆ ಹೋಗಬಹುದಿತ್ತು. ಅದನ್ನು ನಾನೇ ಕತ್ತರಿಸಿದ್ದೆ. ತಡೆಯಲಾರದೆ ಹೇಳಿಯೂ ಬಿಟ್ಟೆ.

"ಆವತ್ತು ಗೊತ್ತಿತ್ತಾ ನಿಮಗೆ?"

"ಇಲ್ಲ."

"ನನಗೂ ಗೊತ್ತಿರ್ಲಿಲ್ಲ. ಬಿಡಿ." ಮಾಧವನ ಕಿವಿಯ ಹಿಂದೆ ಕೆರೆಯುತ್ತ ಕೇಳಿದರು: "ರೋಗ ಇಲ್ಲದಿದ್ರೆ ಎಷ್ಟು ವರ್ಷ ಇರ್ತಾವೆ ಬೆಕ್ಕುಗಳು?"

"ಹದಿನಾಲ್ಕು. ಹದಿನೈದೂ ಉಂಟು."

ಅವರು ತುಟಿಯಲ್ಲೇ ಲೆಕ್ಕ ಹಾಕಿದರು. ಅವರಿಗೆ ಆಗ ಅರವತ್ತೆಂಟು. "ಇಷ್ಟು ದಿನ ಎಲ್ಲರನ್ನೂ ನಾನೇ ಕಳಿಸ್ತಾ ಬಂದೆ," ಎಂದರು. "ಇವನು ನನ್ನನ್ನ ಕಳಿಸ್ತಾನೋ ಏನೋ. ಹೀಗೂ ಆಗುತ್ತೆ ಅಂತ ಯೋಚನೆಯೇ ಬಂದಿರ್ಲಿಲ್ಲ ನೋಡಿ."

ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಅವರು ಮಾಧವನನ್ನು ಎತ್ತಿ ನನ್ನ ಮಡಿಲಲ್ಲಿ ಕೂರಿಸಿದರು. ನಾನು ಅಭ್ಯಾಸಬಲದಿಂದ ಅವನ ಹೊಟ್ಟೆಯ ಕೆಳಗೆ ಕೈ ತೂರಿಸಹೋದೆ.

"ನೋಡೋದು ಬೇಡ. ಸುಮ್ಮನೆ ಇಟ್ಕೊಂಡು ಕೂತ್ಕೊಳ್ಳಿ," ಎಂದರು ಟೀಚರಮ್ಮ. "ನಿಮ್ಮ ಮಡಿಲು ಅವನಿಗೆ ಅಭ್ಯಾಸ ಆಗ್ಲಿ."